ಕಂಡದ್ದು, ಕೇಳಿದ್ದು, ಕಟ್ಟಿದ್ದು

ಹದಿನಾಲ್ಕನೇ ಮಹಡಿಯ ಮೇಲಿನ ಯಂತ್ರದ ಕೋಣೆಯಲ್ಲಿ ಒಂದು ಇರುವೆ ಎಡಗಡೆಯ ನಡುಗಾಲನ್ನು ಕುಂಟಿಸುತ್ತ ನಡೆದರೆ, ನೆಲಮಹಡಿಯಲ್ಲಿ ನಿಂತ ಲಿಫ್ಟ್ ರಿಪೇರಿಯವನಿಗೆ ಅದು ಕೇಳಿಸುತ್ತಿತ್ತು. ಕೇಳಿಸುವುದಿರಲಿ, ಆ ಕಾಲಿನ ಯಾವ ಕೀಲಿಗೆ ಎಣ್ಣೆ ಬೇಕು ಎಂಬುದೂ ತಿಳಿಯುತ್ತಿತ್ತು. ಈ ಮಾತನ್ನು ಅವನು ಒಂದು ಸಲವಲ್ಲ, ಸಾವಿರದ ಇನ್ನೂರು ಸಲ ಹೇಳಿದ್ದ. ಕೇಳಿದವರಲ್ಲಿ ಒಬ್ಬರೂ ಎದುರಾಡಿರಲಿಲ್ಲ. ಏಕೆಂದರೆ ಕೇಳಿದವರೆಲ್ಲ ಆ ಹೊತ್ತಿಗೆ ಲಿಫ್ಟಿನೊಳಗೆ ಸಿಕ್ಕಿಕೊಂಡಿರುತ್ತಿದ್ದರು.

ಅಂಥ ಕಿವಿಗೆ ತನ್ನ ಮನೆಯೊಳಗೇ ಏನೋ ಅಪಸ್ವರ ಕೇಳಿಸತೊಡಗಿ ತಿಂಗಳಾಗಿತ್ತು. ಸದ್ದು ಹೊರಡುತ್ತಿದ್ದದ್ದು ಮಗಳಿಂದ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಣ್ಣಿ. ಎಂಟು ವರ್ಷ, ಹೊಸದಾಗಿ ಮೂರನೇ ತರಗತಿ.

ಮೊದಲು ಚಪ್ಪಲಿ. ನಿನ್ನೆಮೊನ್ನೆಯವರೆಗೆ ಒಂದು ಮಂಚದ ಕೆಳಗೆ, ಇನ್ನೊಂದು ದೇವರೇ ಬಲ್ಲ ಎನ್ನುವಂತಿದ್ದ ಚಪ್ಪಲಿಗಳು ಬಾಗಿಲ ಪಕ್ಕ ಜೋಡಿಯಾಗಿ, ಮೂಗು ಹೊರಗೆ ಮಾಡಿ ನಿಂತಿದ್ದವು. ಆಮೇಲೆ ಊಟದ ಹೊತ್ತಿಗೆ ನೀರು ಬೇಕಾದರೆ ಕೈ ಎತ್ತಿ ಕೂರುವುದು. ಯಾರೂ ನೋಡದಿದ್ದರೆ ಎತ್ತಿದ ಕೈ ಎತ್ತಿದಂತೆಯೇ ಇರುತ್ತಿತ್ತು.

"ಏನೇ ಇದು, ಬಸ್ ನಿಲ್ಲಿಸ್ತಿದ್ದೀಯಾ?" ಎಂದ ಅಪ್ಪ.

"ಕ್ಲಾಸಲ್ಲಿ ಹೀಗೇ. ಒಬ್ರು ಮಾತಾಡುವಾಗ ಇನ್ನೊಬ್ರು ಮಧ್ಯ ಬಾಯಿ ಹಾಕಬಾರದು."

ಇದನ್ನೂ ಅವನು ನುಂಗಿಕೊಂಡ. ಮಾತಾಡುವವನು ಹೇಗೂ ತಾನೇ ಆದ್ದರಿಂದ ನಿಯಮ ಒಂದು ರೀತಿಯಲ್ಲಿ ಅನುಕೂಲವೇ ಆಗಿತ್ತು. ನುಂಗಲಾಗದ್ದು ಮೂರನೆಯದು. ಒಂದು ಸಂಜೆ ಅವನು ಲಿಫ್ಟಿನ ಹಗ್ಗ ತುಂಡಾದ ಕತೆಯನ್ನು ಹೊಸ ಒಗ್ಗರಣೆಯೊಡನೆ ಬಡಿಸಿದ. ಒಳಗೆ ಒಂಬತ್ತು ಜನ, ಕೆಳಗೆ ಒಂಬತ್ತು ಮಹಡಿಯ ಕತ್ತಲು, ಎರಡೂ ಕೈಯಲ್ಲಿ ನಟ್ಟು ಬಿಗಿಯುವ ಪಾನಾ. ಹಾಗಾಗಿ ಬೇರೆ ದಾರಿಯಿಲ್ಲದೆ ಅವನು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಾಗೆ ಕಚ್ಚಿಕೊಂಡೇ ಒಳಗಿದ್ದವರಿಗೆಲ್ಲ ಧೈರ್ಯ ಹೇಳಿದ. ಕತೆ ಮುಗಿಯಿತು. ಮಗಳು ಕೈ ಎತ್ತಿದಳು.

"ಅಪ್ಪಾ, ಇದು ಕಂಡಿದ್ದಾ, ಕೇಳಿದ್ದಾ, ಕಟ್ಟಿದ್ದಾ?"

ಹೆಂಡತಿ ತಟ್ಟೆಯತ್ತ ಬಗ್ಗಿ ಕೆಮ್ಮಿದಳು. ಕೆಮ್ಮಿನಲ್ಲಿ ನಗು ಎಷ್ಟು ಪಾಲು ಎಂದು ಆ ಕಿವಿಗೆ ತಿಳಿಯದೆ ಹೋಗುತ್ತದೆಯೇ?

"ಕಂಡಿದ್ದು!" ಎಂದು ಅವನು ಗುಡುಗಿದ. "ಈ ಎರಡು ಕಣ್ಣಲ್ಲಿ. ನನ್ನ ಹಲ್ಲು, ನನ್ನ ಹಗ್ಗ. ಇನ್ಯಾರು ಕಾಣ್ತಾರೆ?"

ಮಗಳು ತಲೆಯಾಡಿಸಿ ಎದ್ದು ಹೋಗಿ ಒಂದು ಚೀಟಿಯಲ್ಲಿ ಏನನ್ನೋ ಬರೆದುಕೊಂಡಳು. ಬರೆದುಕೊಳ್ಳುವವರನ್ನು ಅವನು ಎಂದೂ ನಂಬಿದವನಲ್ಲ. ತಪಾಸಣೆಗೆ ಬರುವ ಅಧಿಕಾರಿಯೂ ಹೀಗೆಯೇ ನಗುನಗುತ್ತಾ ಒಂದು ಪ್ರಶ್ನೆ ಕೇಳಿ, ಗೋಡೆಗೆ ತಿರುಗಿ ಬರೆದುಕೊಳ್ಳುತ್ತಾನೆ.

"ಯಾರೋ ಈ ಮಗು ಕೈಲಿ ನಮ್ಮನೆ ಸಮಾಚಾರ ತರಿಸ್ಕೊಳ್ತಿದ್ದಾರೆ," ಎಂದ ಹೆಂಡತಿಗೆ.

"ನಿಮ್ಮ ಹಲ್ಲಿನ ಸಮಾಚಾರ ಯಾರಿಗ್ರೀ ಬೇಕು? ಲಿಫ್ಟ್ ಕೆಲಸದವರು ಲಿಫ್ಟ್ ನೋಡ್ಕೋಬೇಕು. ರೈಲು ಬಿಡೋಕೆ ಬೇರೆ ಇಲಾಖೆ ಇದೆ."

ಇನ್ನೆರಡು ವಾರ ಪ್ರತಿ ಕತೆಯ ಕೊನೆಗೂ ಆ ಮೂರು ಪದಗಳ ಪ್ರಶ್ನೆ ಬಂತು. ಪ್ರತಿ ಸಲವೂ ಅವನು ಎದೆಗೆ ಗುದ್ದಿಕೊಂಡು "ಕಂಡಿದ್ದು" ಎಂದ. ಆಮೇಲೆ ಇದ್ದಕ್ಕಿದ್ದಂತೆ ಪ್ರಶ್ನೆ ನಿಂತುಹೋಯಿತು. ಚಿಣ್ಣಿ ಕತೆ ಕೇಳಿ, ತಟ್ಟೆ ತೊಳೆದಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದಳು. ಗೊರಗುಟ್ಟುವ ಮೋಟಾರಿಗೆ ಅವನು ಹೆದರುತ್ತಿರಲಿಲ್ಲ. ಗೊರಗುಟ್ಟುತ್ತಿದ್ದದ್ದು ಥಟ್ಟನೆ ಸುಮ್ಮನಾದರೆ ಮಾತ್ರ ಅವನ ಅಂಗೈ ಬೆವರುತ್ತಿತ್ತು. ಈಗಲೂ ಬೆವರಿತು.

ಅಷ್ಟರಲ್ಲಿ ಶಾಲೆಯಿಂದ ಪತ್ರ ಬಂತು. ತರಗತಿಯ ದಿನಚರಿ, ಮಕ್ಕಳಿಂದ ನಿರೀಕ್ಷಿಸುವ ನಡವಳಿಕೆ, ಈ ವರ್ಷದ ಪಾಠಗಳು, ಇವುಗಳ ಪರಿಚಯಕ್ಕಾಗಿ ಪೋಷಕರು ಮಧ್ಯಾಹ್ನ ಮೂರಕ್ಕೆ ಬರಬೇಕು. ಪ್ರತಿ ವರ್ಷ ಹೆಂಡತಿ ಹೋಗುತ್ತಿದ್ದಳು. ಈ ಸಲ ಅವನು ಪತ್ರವನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ನೋಡಿ, "ನಾನೇ ಹೋಗ್ತೀನಿ," ಎಂದ.

"ಪಾನಾ ಮನೇಲಿಟ್ಟು ಹೋಗಿ," ಎಂದಳು ಹೆಂಡತಿ.

ತರಗತಿಯ ಕುರ್ಚಿಯಿಂದಲೇ ಅವನಿಗೆ ಸಂಚಿನ ವಾಸನೆ ಹೊಡೆಯಿತು. ಕುರ್ಚಿ ಎಷ್ಟು ಕುಳ್ಳಗಿತ್ತೆಂದರೆ ಕುಳಿತಾಗ ಮಂಡಿಗಳೆರಡೂ ಕಿವಿಗೆ ಏನೋ ಗುಟ್ಟು ಹೇಳುವಂತೆ ಮೇಲೆ ಬಂದವು. ದೊಡ್ಡವರನ್ನು ಹೀಗೆ ಮಡಿಚಿ ಕೂರಿಸಿದರೆ ಯಾರ ಬಾಯಿಂದಲೂ ಪ್ರಶ್ನೆ ಹೊರಡುವುದಿಲ್ಲ ಎಂದು ಟೀಚರಮ್ಮನಿಗೆ ಚೆನ್ನಾಗಿ ಗೊತ್ತು ಎಂದುಕೊಂಡ. ಪಕ್ಕದಲ್ಲಿ ಕುಳಿತಿದ್ದ ದಪ್ಪನೆಯ ಬಸ್ ಡ್ರೈವರ್ ಎರಡು ಕುರ್ಚಿ ಸೇರಿಸಿಕೊಂಡಿದ್ದ.

"ಎದ್ದೇಳುವಾಗ ಕುರ್ಚಿನೂ ಜೊತೆಗೆ ಬರತ್ತೆ, ನೋಡ್ಕೊಳ್ಳಿ," ಎಂದು ಪಿಸುಗುಟ್ಟಿದ ಡ್ರೈವರ್. ಇವನು ನಗಲಿಲ್ಲ. ಡ್ರೈವರ್ ಯಾರ ಕಡೆಯವನೋ ಏನೋ.

ಟೀಚರಮ್ಮ ಸಣ್ಣ ದನಿಯ, ಬೆರಳ ತುದಿಗೆಲ್ಲ ಸೀಮೆಸುಣ್ಣ ಮೆತ್ತಿದ ಹೆಂಗಸು. ದನಿ ಸಣ್ಣದು ಬೇಕೆಂದೇ, ಎಲ್ಲರೂ ಮುಂದಕ್ಕೆ ಬಾಗಲಿ ಎಂದು, ಅಂದುಕೊಂಡ. ಅವರು ದಿನಚರಿ ಹೇಳಿದರು. ಬಂದ ಕೂಡಲೇ ಚಪ್ಪಲಿ ಜೋಡಿಸಿ, ಚೀಲ ಮೊಳೆಗೆ ತಗುಲಿಸಿ, ಹದಿನೈದು ನಿಮಿಷ ಇಷ್ಟವಾದ ಪುಸ್ತಕ ಓದುವುದು. ಲೆಕ್ಕ ಬೆಳಗ್ಗೆಯೇ, ತಲೆ ತಾಜಾ ಇರುವಾಗ. ವರ್ಷ ಮುಗಿಯುವುದರೊಳಗೆ ಹನ್ನೆರಡರವರೆಗೆ ಮಗ್ಗಿ. ಮನೆಗೆಲಸ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಾದರೆ ನಿಲ್ಲಿಸಿ, ಅಲ್ಲೇ ಒಂದು ಗೆರೆ ಎಳೆದು ಕಳಿಸಬಹುದು. ಬರದೇ ಇದ್ದದ್ದನ್ನು "ಬರಲ್ಲ" ಎನ್ನದೆ "ಇನ್ನೂ ಬಂದಿಲ್ಲ" ಎನ್ನಬೇಕು. ಮಕ್ಕಳಿಗೆ ತಂತಮ್ಮ ಗುರುತಿನ ಚಿತ್ರ ಇದೆ. ಚೀಲದ ಮೊಳೆಯ ಮೇಲೆ, ಪುಸ್ತಕದ ಮೇಲೆ, ಎಲ್ಲ ಕಡೆ ಅದೇ.

ಚಿಣ್ಣಿಯದು ಏಣಿ. ಯಾಕೆ ಏಣಿ? ಅಪ್ಪನನ್ನು ಏರಿಸುವುದಕ್ಕೋ, ಇಳಿಸುವುದಕ್ಕೋ?

"ಇದು ನಮ್ಮ ವರ್ಷದ ಮುಖ್ಯ ಪಾಠ," ಎಂದು ಟೀಚರಮ್ಮ ಕಿಟಕಿಯ ಪಕ್ಕದ ಗೋಡೆ ತೋರಿಸಿದರು.

ಮೂರು ಉದ್ದನೆಯ ಮೊಳೆ. ಮೊಳೆಗಳ ಮೇಲೆ ದಪ್ಪ ಅಕ್ಷರಗಳು: ಕಂಡದ್ದು, ಕೇಳಿದ್ದು, ಕಟ್ಟಿದ್ದು. ಪ್ರತಿ ಮೊಳೆಗೂ ಚೀಟಿಗಳ ಗೊಂಚಲು. ದಿನಾ ಬೆಳಗ್ಗೆ ಪ್ರತಿ ಮಗು ಒಂದು ವಾಕ್ಯ ಹೇಳುತ್ತದೆ. ಮಿಕ್ಕವರು ಆ ಮೂರು ಪ್ರಶ್ನೆ ಕೇಳುತ್ತಾರೆ. ಹೇಳಿದವರೇ ತಮ್ಮ ಚೀಟಿಯನ್ನು ಸರಿಯಾದ ಮೊಳೆಗೆ ಸಿಕ್ಕಿಸುತ್ತಾರೆ.

ಲಿಫ್ಟಿನವನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಎದ್ದದ್ದನ್ನು ಕಂಡು ಅವನಿಗೇ ನಾಚಿಕೆಯಾಯಿತು. "ಮನೆ ವಿಷಯ ಎಲ್ಲಾ ಇಲ್ಲಿ ಯಾಕ್ರೀ ಮೇಡಂ? ಮತ್ತೆ ಯಾರೋ ಏನೋ ಹೇಳಿದ್ರೆ ಅದನ್ನ ಸುಳ್ಳು ಅಂತ ಮೊಳೆ ಹೊಡೆಯೋದಾ?"

"ಇಲ್ಲಿ ಸುಳ್ಳಿನ ಮೊಳೆ ಇಲ್ಲ ಸರ್," ಎಂದರು ಟೀಚರಮ್ಮ. "ಕಟ್ಟಿದ್ದು ಅಂದ್ರೆ ಕತೆ. ಶನಿವಾರ ನಾವು ಓದೋದು ಅದನ್ನೇ. ಮಕ್ಕಳಿಗೆ ಆ ಮೊಳೆ ಅಂದ್ರೆ ಪ್ರಾಣ. ಯಾವುದು ಯಾವುದು ಅಂತ ತಿಳಿದಿದ್ರೆ ಸಾಕು. ಎಲ್ಲರೂ ಹೋಗಿ ನೋಡಿ, ಹತ್ತು ನಿಮಿಷ."

ಅವನು ಎಲ್ಲರಿಗಿಂತ ಮೊದಲು ಮೊಳೆ ಮುಟ್ಟಿದ. ನೇರ ಮೂರನೆಯದನ್ನೇ. ತನ್ನ ಹಲ್ಲು, ಹಗ್ಗ, ಕುಂಟಿರುವೆ ಎಲ್ಲವೂ ಅಲ್ಲೇ ನೇತಾಡುತ್ತಿರುತ್ತವೆ ಎಂದು ಅವನಿಗೆ ನೂರಕ್ಕೆ ಇನ್ನೂರು ಭಾಗ ಖಾತ್ರಿಯಿತ್ತು. ಜಗಳದ ಮೊದಲ ವಾಕ್ಯವನ್ನು ನಾಲಿಗೆಯ ಮೇಲೆ ತಂದಿಟ್ಟುಕೊಂಡೂ ಆಗಿತ್ತು. ಚೀಟಿ ಮಗುಚಿದ. ಮೀನು, ಕೊಡೆ, ಗಂಟೆ, ಬಾತುಕೋಳಿ. ಏಣಿ ಇಲ್ಲ. ಎರಡನೆಯದರಲ್ಲಿ ಹುಡುಕಿದ. ಅಲ್ಲೂ ಇಲ್ಲ.

ಮೊದಲ ಮೊಳೆಯಲ್ಲಿ ಏಣಿಯ ಮೇಲೆ ಏಣಿ.

"ನಮ್ಮ ಅಪ್ಪ ಲಿಫ್ಟಿನ ಹಗ್ಗವನ್ನು ಹಲ್ಲಿನಿಂದ ಹಿಡಿದರು. ಒಳಗೆ ಒಂಬತ್ತು ಜನ ಇದ್ದರು. ನಾನೂ ಇದ್ದೆ. ಕಂಡದ್ದು."

ಎದೆ ಎರಡು ಗೇಣು ಉಬ್ಬಿತು. ಮರುಕ್ಷಣವೇ ಅರ್ಧ ಗೇಣು ಇಳಿಯಿತು. ನಾನೂ ಇದ್ದೆ? ಅವನು ಕತೆಯೊಳಗೆ ಯಾರು ಯಾರನ್ನೋ ತುಂಬಿದ್ದ, ಮಗಳನ್ನು ಮಾತ್ರ ಎಂದೂ ತುಂಬಿರಲಿಲ್ಲ.

"ಮೇಡಂ," ಎಂದ ಮೆಲ್ಲಗೆ, "ಇದನ್ನ ನೀವು ಹೇಗೆ ಬಿಟ್ರಿ?"

ಟೀಚರಮ್ಮ ಅವನನ್ನು ಕಿಟಕಿಯತ್ತ ಕರೆದರು. "ಕಂಡೆ ಅಂದವರ ಚೀಟಿ ನಾನು ಕಿತ್ತು ಹಾಕಲ್ಲ. ಅದು ನಿಯಮ. ಹುಡುಗರು ಬಿಟ್ಟಾರಾ? ಎಷ್ಟನೇ ಮಹಡಿ, ನೀನು ಯಾವ ಬಣ್ಣದ ಅಂಗಿ ಹಾಕಿದ್ದೆ ಅಂತೆಲ್ಲ ಕೇಳಿದ್ರು. ಎಲ್ಲಕ್ಕೂ ಉತ್ತರ ಕೊಟ್ಲು, ಪಾಪ. ನಾನು ಪಕ್ಕಕ್ಕೆ ಕರೆದು ಕೇಳಿದೆ. 'ನಮ್ಮಪ್ಪ ಕಂಡಿದ್ದು ಅಂದ್ರೆ ನಾನು ಕಂಡ ಹಾಗೇ' ಅಂದ್ಲು."

ಅವನು ಮೊದಲ ಮೊಳೆಯ ಏಣಿಗಳನ್ನು ಎಣಿಸತೊಡಗಿದ.

"ಈಗ ಹುಡುಗರು ಏನೂ ಕೇಳಲ್ಲ ಸರ್. ಅದೇ ಕಷ್ಟ. ಅವಳು ವಾಕ್ಯ ಹೇಳ್ತಾಳೆ, ಎಲ್ಲರೂ ಬೇರೆ ಕಡೆ ನೋಡ್ತಾರೆ. ಕಳೆದ ವಾರ ಕಿಟಕಿಯ ಈ ಹೂಕುಂಡದಲ್ಲಿ ಕಂಬಳಿಹುಳ ಚರ್ಮ ಬಿಡ್ತಾ ಇತ್ತು. ಮೊದಲು ಕಂಡಿದ್ದು ಅವಳೇ. ಬನ್ನಿ ಬನ್ನಿ ಅಂತ ಕೂಗಿದ್ಲು. ಒಬ್ಬರೂ ಎದ್ದು ಬರಲಿಲ್ಲ. ನಾನು ಕೈತೊಳೆದು ಬರೋ ಹೊತ್ತಿಗೆ ಹುಳ ಎಲೆ ಹಿಂದೆ ಹೋಗಿತ್ತು, ಖಾಲಿ ಚರ್ಮ ಇತ್ತು. ಚೀಟಿ ಬರೆದಿದ್ಲು, ತಾನೇ ಹರಿದು ಹಾಕಿದ್ಲು."

ಇಷ್ಟು ಹೊತ್ತು ಅವನು ಹುಡುಕುತ್ತಿದ್ದ ಕಳ್ಳನ ಕಾಲ್ಸಪ್ಪಳ ಈಗ ಸ್ಪಷ್ಟವಾಗಿ ಕೇಳಿಸಿತು, ತನ್ನದೇ ಚಪ್ಪಲಿಯಲ್ಲಿ. ಆದರೂ ಹಳೆಯ ಚಾಳಿ ಬಿಡಲಿಲ್ಲ. ಈಯಮ್ಮ ನನ್ನನ್ನು ಬೋನಿಗೆ ತಳ್ಳುತ್ತಿದ್ದಾಳೆ, ಮುಂದಿನ ಬಾಗಿಲು ಎಲ್ಲಿ, ಹಿಂದಿನದು ಎಲ್ಲಿ ಎಂದು ಕಣ್ಣು ಹುಡುಕಿತು.

ಎರಡೂ ಬಾಗಿಲುಗಳಿಂದ ಮಕ್ಕಳು ನುಗ್ಗಿದರು. ಆಟ ಮುಗಿದಿತ್ತು. ಪತ್ರದಲ್ಲಿ ಬರೆಯದೇ ಇದ್ದದ್ದು ಆಗ ಗೊತ್ತಾಯಿತು: ಇಂದು ದೊಡ್ಡವರೂ ಒಂದೊಂದು ವಾಕ್ಯ ಹೇಳಬೇಕು, ಮಕ್ಕಳು ಪ್ರಶ್ನೆ ಕೇಳುತ್ತಾರೆ. ನಾನು ಹೇಳಿರಲಿಲ್ಲವೇ, ಬೋನು!

ಬಸ್ ಡ್ರೈವರ್ ಮೊದಲು ಎದ್ದ. ಒಂದು ಕುರ್ಚಿ ಅವನ ಜೊತೆಗೇ ಎದ್ದಿತು. ನಗು ಅಡಗಿದ ಮೇಲೆ ಅವನೆಂದ, "ಇವತ್ತು ನನ್ನ ಬಸ್ಸಲ್ಲಿ ಒಬ್ಬರು ನಿಂತ್ಕೊಂಡೇ ಗೊರಕೆ ಹೊಡೀತಿದ್ರು."

"ಕಂಡಿದ್ದಾ, ಕೇಳಿದ್ದಾ, ಕಟ್ಟಿದ್ದಾ?" ಎಂದವು ಮೂವತ್ತು ಬಾಯಿ.

"ಕನ್ನಡೀಲಿ ಕಂಡಿದ್ದು."

"ಗೊರಕೆ ಕಾಣಲ್ಲ, ಅಂಕಲ್! ಅದು ಕೇಳಿದ್ದು!" ಎಂದಳೊಬ್ಬಳು. ಡ್ರೈವರ್ ಸೋತು ಕೂತ.

ಮುಂದಿನ ಸರದಿ ಲಿಫ್ಟಿನವನದು. ಅವನು ಎದ್ದು ನಿಂತ. ಎದುರಿಗೆ ಮಕ್ಕಳ ಸಾಲು, ಸಾಲಿನ ತುದಿಯಲ್ಲಿ ಚಿಣ್ಣಿ. ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ. ಅಭ್ಯಾಸಬಲದಿಂದ ಬಾಯಿ ತಾನೇ ಓಡಿತು.

"ಒಂದು ಸಲ ಲಿಫ್ಟಿನ ಹಗ್ಗ ತುಂಡಾಗಿ..."

ಯಾರೂ ಪ್ರಶ್ನೆ ಕೇಳಲಿಲ್ಲ. ಒಬ್ಬ ಹುಡುಗ ಆಕಳಿಸಿದ. ಒಬ್ಬಳು ತನ್ನ ಜಡೆಯ ತುದಿ ನೋಡಿಕೊಂಡಳು. ಚಿಣ್ಣಿಯ ಕೈ ಮಾತ್ರ ನಿಧಾನವಾಗಿ ಮೇಲೇಳುತ್ತಿತ್ತು. ಅದು ಪ್ರಶ್ನೆಯ ಕೈಯಲ್ಲ. ಸಾಕ್ಷಿಯ ಕೈ. ಅವಳ ತುಟಿ ಆಗಲೇ 'ನಾನೂ' ಎಂಬಲ್ಲಿಗೆ ಬಂದಿತ್ತು.

"ಕೈ ಇಳಿಸು ಮಗಾ," ಎಂದ ಅಪ್ಪ. "ನೀನು ಇರಲಿಲ್ಲ."

ಎಲ್ಲರೂ ತಿರುಗಿದರು.

"ಇವಳು ಮನೇಲಿ ಇದ್ಲು. ಹಗ್ಗ ತುಂಡಾಗಲಿಲ್ಲ. ಆ ಹಗ್ಗ ಉಕ್ಕಿಂದು, ಅಂಥವು ಆರು ಇರ್ತವೆ. ಹಲ್ಲಲ್ಲಿ ಕಚ್ಚಿದ್ರೆ ಹಲ್ಲು ಹೋಗತ್ತೆ. ನಾನು ಹೇಳಿದ್ದೆಲ್ಲ ಕಟ್ಟಿದ್ದು. ಕಂಡಿದ್ದು ಅಂತ ಇವಳಿಗೆ ಹೇಳಿದ್ದು ನಾನು. ಇವಳು ನನ್ನ ಮಾತು ನಂಬಿದ್ಲು, ಅಷ್ಟೇ."

"ಹಾಗಾದ್ರೆ ನಿಜ ಏನಾಯ್ತು?" ಎಂದ ಆಕಳಿಸಿದ್ದ ಹುಡುಗ, ನೆಟ್ಟಗೆ ಕೂತು.

"ಲಿಫ್ಟು ಐದಕ್ಕೂ ಆರಕ್ಕೂ ಮಧ್ಯ ನಿಂತ್ಕೊಳ್ತು. ಒಳಗೆ ಒಂಬತ್ತು ಜನ ಇರಲಿಲ್ಲ. ನಾನು, ಒಬ್ಬರು ಅಜ್ಜಿ. ದೀಪ ಹೋಯ್ತು."

"ನೀವು ಏನ್ ಮಾಡಿದ್ರಿ?"

"ಕೂಗ್ಕೊಂಡೆ."

"ಜೋರಾಗಾ?"

"ಜೋರಾಗಿ. ಪಾನಾ ಕೈ ಜಾರಿ ಕಾಲ ಮೇಲೆ ಬಿತ್ತು. ಅಜ್ಜಿ ನನ್ನ ಕೈ ಹಿಡ್ಕೊಂಡು, ಏನೂ ಆಗಲ್ಲ ಕೂತ್ಕೋ ಅಂದ್ರು. ಇನ್ನೊಬ್ಬ ರಿಪೇರಿಯವನು ಬಂದು ಬಾಗಿಲು ತೆಗೆಯೋವರೆಗೂ ಬಿಡಲಿಲ್ಲ."

"ಇದು ಕಂಡಿದ್ದಾ, ಕೇಳಿದ್ದಾ, ಕಟ್ಟಿದ್ದಾ?" ಈ ಸಲ ಕೇಳಿದ್ದು ಚಿಣ್ಣಿ. ದನಿ ಗಟ್ಟಿಯಾಗಿರಲಿಲ್ಲ.

"ಕತ್ತಲಲ್ಲಿ ಏನು ಕಾಣತ್ತೆ ಮಗಾ? ಆದ್ರೆ ಆಗಿದ್ದು ನನಗೇ."

"ಕಂಬಳಿಹುಳಾನೂ ನೀವು ಹೇಳಿ ಕೊಟ್ಟಿದ್ದಾ ಅಂಕಲ್?" ಎಂದಳು ಜಡೆಯವಳು.

"ಇಲ್ಲ. ಅದು ಇವಳೇ ಕಂಡಿದ್ದು."

"ನಿಮಗೆ ಹೇಗೆ ಗೊತ್ತು? ನೀವು ಇದ್ರಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು! ಹುಳದ ಬಣ್ಣ, ಉದ್ದ, ಅದು ಚರ್ಮ ಕಳಚುವಾಗ ತನ್ನತ್ತ ನೋಡಿ ನಕ್ಕಿದ್ದು, ಎಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಚಿಣ್ಣಿ ಅವನ ಬಾಯನ್ನೇ ನೋಡುತ್ತಿದ್ದಳು.

"ನಾನಿರಲಿಲ್ಲ," ಎಂದ. "ನಿಮ್ಮ ಟೀಚರ್ ಹೇಳಿದ್ದು ಕೇಳಿದೆ. ಅವರಾದ್ರೂ ಚರ್ಮ ಕಂಡಿದ್ದಾರೆ, ನಾನು ಅದೂ ಕಂಡಿಲ್ಲ. ಮತ್ತೆ ಆ ದಿನ ಲಿಫ್ಟಲ್ಲಿ ನಾನು ಬರೀ ಕೂಗಲಿಲ್ಲ. ಅತ್ತುಬಿಟ್ಟೆ."