ಬೆಸುಗೆಯ ಮೇಲಿನ ಕೆಂಪು ಚುಕ್ಕೆ

ನನ್ನ ಬಾಯಿ ಕೆಟ್ಟದ್ದು, ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷದಿಂದ ಗಿಟಾರು, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದೇನೆ. ಗಿರಾಕಿಗಳು ನನ್ನ ಬೈಗುಳ ನುಂಗಿಕೊಂಡು ಮತ್ತೆ ಬರುವುದು ನನ್ನ ಕೈಗುಣ ನಂಬಿ.

ಆ ಮಧ್ಯಾಹ್ನ ತಮ್ಮನ ಮಗಳು ಅವನ ಬೇಸ್ ಗಿಟಾರನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಬಂದಳು. ನನಗಿಂತಲೂ ವಯಸ್ಸಾದ ವಾದ್ಯ ಅದು. ತಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

"ದೊಡ್ಡಪ್ಪ, ಇದನ್ನ ಮಾರಿಬಿಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ನೋಡಿ."

"ಮಾರೋದಾ? ಊಟ ಬಿಟ್ಟು ಕಲೀತಿದಾಳೆ ಅಂತ ನಿಮ್ಮಮ್ಮ ಹೇಳ್ತಿದ್ಲಲ್ಲೇ!"

"ಕಲಿತು ಏನು ಬಂತು? ಸದ್ದೇ ಏಳಲ್ಲ. ಅಪ್ಪನ ಬೆರಳೇ ನಂಗೂ ಬಂದಿದೆ." ಅಂಗೈ ಬಿಡಿಸಿ ನೋಡಿಕೊಂಡಳು. "ಅಪ್ಪ ಯಾವಾಗ್ಲೂ ಹೇಳ್ತಿದ್ರು, 'ನನ್ನ ಬೆರಳಲ್ಲಿ ತೂಕ ಇಲ್ಲ, ನಿಮ್ಮ ದೊಡ್ಡಪ್ಪ ಅವತ್ತೇ ಕಂಡುಹಿಡಿದ್ರು' ಅಂತ."

ಅವಳೇನು ಚುಚ್ಚಿ ಆಡಿದ್ದಲ್ಲ. ಆದರೂ ಎದೆ ಚುರುಕ್ಕೆಂದಿತು.

ವಾದ್ಯವನ್ನು ಆಂಪ್ಲಿಫೈಯರಿಗೆ ಜೋಡಿಸಿ, "ಬಾರಿಸು ನೋಡೋಣ" ಎಂದೆ. ಅಪ್ಪನ ಹಾಗೆಯೇ ತಂತಿಯ ಸದ್ದು ಹಿಡಿಯುವ ಎರಡೂ ಪಿಕಪ್‌ಗಳ ಗುಂಡಿಗಳನ್ನು ಪೂರ್ತಿ ತಿರುಗಿಸಿ ಬಾರಿಸಿದಳು. ಎದೆಗೆ ಬಂದು ಕೂರಬೇಕಾದ ಸ್ವರ ಡಬ್ಬಿಯೊಳಗಿಂದ ಬಂದ ಹಾಗಿತ್ತು. ಒಂದು ಗುಂಡಿ ಇಳಿಸಿದೆ, ಸ್ವರ ತುಂಬಿ ಬಂತು. ಅದನ್ನು ಏರಿಸಿ ಇನ್ನೊಂದನ್ನು ಇಳಿಸಿದೆ, ಆಗಲೂ ತುಂಬಿ ಬಂತು. ಎರಡೂ ಸೇರಿದರೆ ಮಾತ್ರ ಸತ್ತ ಸದ್ದು.

"ಎತ್ತು ಏರಿಗೆ, ಕೋಣ ನೀರಿಗೆ! ಒಂದು ಪಿಕಪ್ ತಳ್ಳೋವಾಗ ಇನ್ನೊಂದು ಎಳೀತಿದೆ. ತಗ್ಗಿನ ಸ್ವರ ಎಲ್ಲಾ ಅಲ್ಲೇ ಹೊಡ್ಕೊಂಡು ಸಾಯ್ತಿದೆ."

ತಂತಿ ಸಡಿಲಿಸಿ, ಮುಚ್ಚಳ ಬಿಚ್ಚಿದೆ. ಮುಳ್ಳಿನ ಮೀಟರು ಹಚ್ಚಿ ಒಂದು ಪಿಕಪ್ಪಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ. ಮುಳ್ಳು ಬಲಕ್ಕೆ ಜಿಗಿಯಿತು. ಇನ್ನೊಂದಕ್ಕೆ ಮುಟ್ಟಿಸಿದರೆ ಎಡಕ್ಕೆ.

"ಯಾವ ಪುಣ್ಯಾತ್ಮ ಹಾಕಿದ ಬೆಸುಗೇನೋ ಇದು! ಎರಡು ವಯರು ಅದಲುಬದಲು ಮಾಡಿದಾನೆ. ಕತ್ತೆ ಕಾಯೋಕೆ ಹೋಗ್ಬೇಕಿತ್ತು ನನ್ಮಗ."

ಹುಡುಗಿ ಕಿಸಕ್ಕನೆ ನಕ್ಕಳು. ನಾನು ಭೂತಗನ್ನಡಿ ಹಿಡಿದು ಬಗ್ಗಿದೆ. ಬೆಸುಗೆಯ ಮೇಲೆ ಒಂದು ಕೆಂಪು ಚುಕ್ಕೆ ಇತ್ತು.

ನಾನು ಹಾಕಿದ ಬೆಸುಗೆಗೆಲ್ಲ ಹೆಂಡತಿಯ ಉಗುರುಬಣ್ಣದ ಒಂದು ಹನಿ ಇಡುವುದು ನನ್ನ ಪದ್ಧತಿ. ಬೇರೆಯವರ ಕೆಲಸ ನನ್ನ ತಲೆಗೆ ಕಟ್ಟಬಾರದಲ್ಲ!

ಹದಿನೆಂಟು ವರ್ಷದ ಹಿಂದೆ ಒಂದು ಪಿಕಪ್ ಸತ್ತಿತೆಂದು ತಮ್ಮ ಇದನ್ನು ತಂದಿದ್ದ. ಸರಿಮಾಡಿ ಕೊಟ್ಟೆ. "ಅಣ್ಣಾ, ಸದ್ದು ತೆಳ್ಳಗಾಗಿದೆ" ಎಂದು ಮೂರು ಸಲ ಬಂದ. ಮೂರು ಸಲವೂ ಒಂದೊಂದೇ ಪಿಕಪ್ಪಿನ ಗುಂಡಿ ಏರಿಸಿ ಪರೀಕ್ಷಿಸಿದೆ, ಎರಡನ್ನೂ ಒಟ್ಟಿಗೆ ಒಮ್ಮೆಯೂ ಕೇಳಲಿಲ್ಲ. ಕೊನೆಗೆ ಗಿರಾಕಿಗಳ ಎದುರಿಗೇ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಬೆರಳಲ್ಲೇ ತೂಕ ಇಲ್ಲ ಕಣೋ" ಎಂದುಬಿಟ್ಟೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ವರ್ಷ ತುಂಬುವುದರೊಳಗೆ ತಾನು ಬಾರಿಸುತ್ತಿದ್ದ ವಾದ್ಯವೃಂದ ಬಿಟ್ಟು ಗೋದಾಮಿನ ಕೆಲಸಕ್ಕೆ ಸೇರಿಕೊಂಡ.

ಎರಡು ವಯರು ಬದಲಿಸಲು ಎರಡು ನಿಮಿಷ ಸಾಕಾಯಿತು. ಅಷ್ಟರಲ್ಲೇ ಬೆರಳು ಸುಟ್ಟುಕೊಂಡೆ. ಕೆಂಪು ಚುಕ್ಕೆ ಇಡಲಿಲ್ಲ.

ತಂತಿ ಬಿಗಿದು, ಶ್ರುತಿ ಮಾಡಿ ಕೊಟ್ಟೆ. ಅವಳು ಬಾರಿಸಿದಳು. ಮೇಜಿನ ಮೇಲಿದ್ದ ಸ್ಕ್ರೂಗಳ ತಟ್ಟೆ ಗುಂಯ್ಗುಟ್ಟಿತು. "ಅಯ್ಯಯ್ಯೋ, ದೊಡ್ಡಪ್ಪಾ!" ಎಂದು ಕೂಗಿ ಮತ್ತೆ ಮತ್ತೆ ಅದನ್ನೇ ಬಾರಿಸಿದಳು. ಆಮೇಲೆ ಕೇಳಿದಳು. "ಯಾರು ದೊಡ್ಡಪ್ಪ ಆ ವಯರು ಅದಲುಬದಲು ಮಾಡಿದ್ದು?"

ಯಾರೋ ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಖುಷಿಯಾಗಿ ಮನೆಗೆ ಹೋಗುತ್ತಿದ್ದಳು. ಆದರೆ ನನ್ನ ತಮ್ಮ ಸತ್ತ ಮೇಲೂ ಬೆರಳಲ್ಲಿ ತೂಕವಿಲ್ಲದವನಾಗಿಯೇ ಉಳಿಯುತ್ತಿದ್ದ.

"ಕತ್ತೆ ಕಾಯೋಕೆ ಹೋಗ್ಬೇಕಿದ್ದೋನು ನಾನೇ ಮಗಳೇ. ತಪ್ಪು ನಾನು ಮಾಡಿ, ಬೆರಳು ಸರಿ ಇಲ್ಲ ಅಂತ ಅವನಿಗೆ ಹೇಳ್ದೆ."

ಬೈಯಲಿ ಎಂದು ಕಾದೆ. ಅವಳು ವಾದ್ಯವನ್ನು ಮೆಲ್ಲಗೆ ಕೆಳಗಿಟ್ಟು ಫೋನು ತೆಗೆದಳು.

"ಅಮ್ಮಾ," ಎಂದಳು, "ಅಪ್ಪನ ಬೆರಳು ಸರಿಯಾಗೇ ಇತ್ತಂತೆ."

ಆ ಕಡೆಯಿಂದ ತಮ್ಮನ ಹೆಂಡತಿ ಏನಂದಳೋ, ಹುಡುಗಿ ಫೋನನ್ನು ನನ್ನತ್ತ ಚಾಚಿದಳು. ತೆಗೆದುಕೊಳ್ಳಲು ನನ್ನ ಕೈ ಮೇಲೇಳಲಿಲ್ಲ.