ಮಜ್ದಲ್ ಊರಿನ ಕೊಂಡಿ

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವಾದ ಮೇಲೆ ಇಳಕಲ್ಲಿನ ಅಮೀನಬಿಯ ಮನೆಗೆ ಒಬ್ಬ ಬಂದು, ನಿನ್ನ ಮಗ ನಜೀರಸಾಬ ಪ್ಯಾಲೆಸ್ತೀನಿನಲ್ಲಿ ಸತ್ತ ಎಂದ. ತಾನು ಗುಳೇದಗುಡ್ಡದ ಮೀರಾಸಾಬನಂತೆ, ದಂಡಿನಲ್ಲಿ ಇಬ್ಬರೂ ಹೇಸರಗತ್ತೆ ಹೊಡೆಯುತ್ತಿದ್ದರಂತೆ. ಎಲ್ಲಾ ಅಂತೆ! ಸೊಸೆ ಅಬೇದಾ ಮಗ್ಗದ ಮುಂದೆ ಕೂತಲ್ಲೇ ಕಲ್ಲಾದಳು. ಅಮೀನಬಿ ಅಳಲಿಲ್ಲ. ಸಾವಿನ ಸುದ್ದಿ ತಂದವನು ಮುಖ ನೋಡಿ ಮಾತಾಡಬೇಕೋ ಬೇಡವೋ? ಇವನ ಕಣ್ಣು ಹೊಸ್ತಿಲು ಬಿಟ್ಟು ಮೇಲೇಳಲೊಲ್ಲದು.

ಸುಳ್ಳನಿಗೆ ಸತ್ತವನ ಹೆಸರು ಗೊತ್ತಿದ್ದೀತು, ಅವನು ಸತ್ತ ಊರು ಹುಟ್ಟಿದ ಬಗೆ ಗೊತ್ತಿರುವುದೇ? ಬೆಲ್ಲ, ನೀರು ಕೊಟ್ಟು ಅದನ್ನೇ ಕೆದಕಿದಳು. ಅವನು ತಡವರಿಸಲಿಲ್ಲ. ಊರಿನ ಹೆಸರು ಮಜ್ದಲ್, ಗಾಝಾದಿಂದ ಒಂದು ದಿನದ ನಡಿಗೆ. ಕಡಲದಂಡೆಯ ಹಳೇ ಕೋಟೆಪಟ್ಟಣ ಪಾಳುಬಿದ್ದ ಮೇಲೆ ಇದು ಬೆಳೆಯಿತು, ಯಾರೋ ಸರದಾರ ಮಸೀದಿ ಕಟ್ಟಿಸಿದ, ಆಮೇಲೆ ನೇಕಾರರು ಬಂದರು. ನಾಲ್ಕು ದಿನಕ್ಕೆಂದು ಬಂದವನೂ ಮಗ್ಗದ ಕುಣಿ ತೋಡಿ ಅಲ್ಲೇ ಉಳಿದ, ಊರು ಬೆಳೆದದ್ದೇ ಹಾಗೆ ಎಂದವನು ಥಟ್ಟನೆ ನಾಲಿಗೆ ಕಚ್ಚಿಕೊಂಡ.

ಅಮೀನಬಿ ಸಾಕ್ಷಿ ಕೇಳಿದಳು. ಅವನು ಗಂಟು ಬಿಚ್ಚಿ ಬಟ್ಟೆಯೊಂದನ್ನು ಕೊಟ್ಟ. ನಜೀರ ಸಾಯುವ ಮುಂಚೆ ಅಲ್ಲಿ ನೇಯ್ದದ್ದಂತೆ. ನೀಲಿ ಮೈ, ಕೆಂಪು ಸೆರಗು, ನಡುವೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಕೊಂಡಿಯ ಸಾಲು. ಇಳಕಲ್ಲಿನಲ್ಲಿ ಕೊಂಡಿ ಹೆಂಗಸರ ಕೆಲಸ, ಅತ್ತೆ ಸೊಸೆಗೆ ಕಲಿಸುವಂಥದ್ದು. ಹೆಣ್ಣುಮಕ್ಕಳಿಲ್ಲದ ಅಮೀನಬಿ ಮಗನಿಗೂ ಕಲಿಸಿದ್ದಳು. ಬೆರಳಾಡಿಸಿದಳು. ಅರ್ಧದವರೆಗೆ ಮಗನದೇ ಕೈ. ಅಲ್ಲಿಂದಾಚೆ ಬೇರೆ ಯಾರದೋ ಕೈ, ಒಂದು ಕೊಂಡಿ ಸಡಿಲು, ಒಂದು ಬಿಗಿ. ನಡುನಡುವೆ ಮಗನ ಕೈ ಅದನ್ನು ತಿದ್ದಿತ್ತು.

ಅಬೇದಾ ಎದ್ದು ಬಂದು ಬಟ್ಟೆ ನೋಡಿದಳು.

"ಹಾಕಿದಾಕಿಗೆ ಇನ್ನೂ ಕೈ ಕುಂತಿಲ್ಲರಿ, ಅತ್ತಿ," ಎಂದಳು. "ಅವ್ರು ಆಕಿಗೆ ಕಲಿಸಾಕ ಹತ್ಯಾರ."

ಅಮೀನಬಿ ಮೀರಾಸಾಬನ ಕೈ ಹಿಡಿದು, ಅಲ್ಲಾನ ಆಣೆ ಮಾಡೆಂದಳು. ಅವನು ಆಣೆ ಮಾಡಲಿಲ್ಲ.

"ಅಲ್ಲೇ ಒಬ್ಬಾಕಿ ಕೂಡ ಮನಿ ಮಾಡ್ಯಾನ್ರಿ," ಎಂದ. "ಸತ್ತೆ ಅಂತ ಹೇಳು, ಅಬೇದಾ ಇನ್ನೊಂದ ನಿಕಾ ಮಾಡ್ಕೊಳ್ಳಲಿ ಅಂದ."

ಮಗ ಬದುಕಿದ್ದಾನೆ! ಹಾಳು ತಾಯಿಕರುಳು ಹಿಗ್ಗಿಯೇಬಿಟ್ಟಿತು. ಸೊಸೆಯ ಮುಖ ನೋಡಿದ ಮೇಲೆ ಅಮೀನಬಿಗೆ ನಾಚಿಕೆಯಾಯಿತು.

ಅಬೇದಾ ಎರಡೂ ಕೈಗಳನ್ನು ಮಗ್ಗದ ಮರಕ್ಕೆ ಬಡಿದಳು. ಬಳೆಚೂರುಗಳು ಕುಣಿಯೊಳಗೆ ಬಿದ್ದವು.

"ಅಂವ ಸತ್ತಾನ್ರಿ, ಅತ್ತಿ. ಊರಿಗೆ ಹಂಗ ಹೇಳ್ರಿ."

ಅಮೀನಬಿ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲಿಗೆ ಬಂದಳು. ಓಣಿಗೆಲ್ಲ ಕೇಳುವಂತೆ, ಬದುಕಿರುವ ಮಗನ ಹೆಸರು ಹಿಡಿದು ಅಳತೊಡಗಿದಳು.