ಚಿಕ್ಕಪ್ಪ ಬಲು ಚುರುಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇರದೆ ಏನು ಮಾಡಲಿ? ಯಾವ ಗುಂಪಿನ ರಕ್ತ ಯಾವ ರಕ್ತನಿಧಿಯಲ್ಲಿದೆ ಎಂದು ಊರಿನ ಅಷ್ಟೂ ಆಸ್ಪತ್ರೆಗಳಿಗೆ ಹೇಳುವ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಒಂದೇ ಇತ್ತು, ಅದರ ನೆಟ್‌ವರ್ಕ್ ನೋಡಿಕೊಳ್ಳುವವಳೂ ನಾನೊಬ್ಬಳೇ. ಅದು ತಡಮಾಡಿದರೆ ಬೈಗುಳ ನನಗೆ. ಕಂಡಕಂಡವರ ಹತ್ತಿರ ಗೋಗರೆದು ಕೊನೆಗೂ ಎರಡನೆಯ ಯಂತ್ರ ತರಿಸಿದೆ. ಹಳೆಯದನ್ನು ದೊಡ್ಡಪ್ಪ, ಹೊಸದನ್ನು ಚಿಕ್ಕಪ್ಪ ಎಂದು ಕರೆಯತೊಡಗಿದೆವು.

ಅಂದು ಬೆಳಿಗ್ಗೆ ಇಬ್ಬರಿಗೂ ಕೆಲಸ ಹಂಚುವ ಸೆಟ್ಟಿಂಗ್ ಹಾಕಿದೆ. ಹೊರಗಿನವರಿಗೆ ಕಾಣುವ ವಿಳಾಸ ಒಂದೇ. ಒಳಗೆ ಮಾತ್ರ, ಯಾರು ಬೇಗ ಉತ್ತರ ಕೊಟ್ಟು ಬಿಡುವಾಗುತ್ತಾರೋ ಮುಂದಿನ ಪ್ರಶ್ನೆ ಅವರಿಗೆ ಹೋಗುತ್ತದೆ. ಎರಡಕ್ಕೂ ಒಂದೊಂದು ಪ್ರಶ್ನೆ ಕಳಿಸಿ ಪರೀಕ್ಷಿಸಿದೆ. ಎರಡರಿಂದಲೂ ಉತ್ತರ ಬಂತು, ಪರದೆಯ ಮೇಲೆ ಹಸಿರು ಬಣ್ಣ ಮೂಡಿತು. ಇನ್ನೇನು ಬೇಕು ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಪ್ರಶ್ನೆಗಳನ್ನೂ ಚಿಕ್ಕಪ್ಪನೇ ಮುಗಿಸುತ್ತಿದ್ದ. ರಕ್ತದ ದಾಸ್ತಾನಿನ ಮಾಹಿತಿ ನೋಡಿಕೊಳ್ಳುವ ಸಹೋದ್ಯೋಗಿಯನ್ನು ನಾವು ಪಂಡಿತ ಎನ್ನುತ್ತಿದ್ದೆವು, ಕೇಳದಿದ್ದರೂ ಉಪದೇಶ ಕೊಡುತ್ತಾನೆಂದು. ಅವನು ನನ್ನ ಪರದೆಯ ಮೇಲೆ ಬಗ್ಗಿದ.

"ಚಿಕ್ಕಪ್ಪ ಬಲು ಚುರುಕು ಮೇಡಂ. ದೊಡ್ಡಪ್ಪ ಆಕಳಿಸ್ತಾ ಕೂತಿದಾರೆ."

"ಕಣ್ಣು ಹಾಕ್ಬೇಡ, ಹೋಗು," ಎಂದೆ.

ಸಾಹೇಬರೂ ಬಂದು ನೋಡಿ ತಲೆದೂಗಿದರು. "ಬರೀ ಕೂಗಾಡೋದಲ್ಲ, ಕೆಲಸಾನೂ ಬರುತ್ತೆ ಇವರಿಗೆ," ಎಂದರು. ಸುಳ್ಳೇಕೆ, ನಾನು ಉಬ್ಬಿಹೋದೆ.

ಆಗ ತಂಗಿಯ ಗಂಡನ ಫೋನ್ ಬಂತು. ತಂಗಿಯನ್ನು ಬೆಳಿಗ್ಗೆ ಹೆರಿಗೆಗೆ ಸೇರಿಸಿದ್ದರು. ಸಿಹಿ ಸುದ್ದಿಯೇ ಇರಬೇಕೆಂದು ಎತ್ತಿಕೊಂಡೆ.

"ಅಕ್ಕಾ, ಮಗು ಚೆನ್ನಾಗಿದೆ. ಆದ್ರೆ ಇವಳಿಗೆ ರಕ್ತ ನಿಲ್ತಾನೇ ಇಲ್ವಂತೆ. ತಕ್ಷಣ ರಕ್ತ ಕೊಡ್ಬೇಕಂತೆ, ಎಲ್ಲೂ ಇಲ್ಲ ಅಂತಿದೆ ನಿಮ್ಮ ಕಂಪ್ಯೂಟರು."

"ಎಲ್ಲೂ ಇಲ್ವಾ? ಅವಳದು ಅರ್ಧ ಊರಿಗೆ ಇರೋ ಗುಂಪು ಕಣೋ."

"ಮತ್ತೆ ಮತ್ತೆ ಕೇಳಿದ್ರು ಅಕ್ಕಾ. ಒತ್ತಿದ ತಕ್ಷಣ ಇಲ್ಲ ಅನ್ನುತ್ತೆ."

ಒತ್ತಿದ ತಕ್ಷಣ. ಅಷ್ಟೂ ರಕ್ತನಿಧಿಗಳನ್ನು ಹುಡುಕಲು ಯಾವ ಯಂತ್ರಕ್ಕಾದರೂ ಒಂದಿಷ್ಟು ಹೊತ್ತು ಬೇಕು. ಫೋನನ್ನು ಕಿವಿಗೆ ಒತ್ತಿಕೊಂಡೇ ಚಿಕ್ಕಪ್ಪನಿಗೆ ಅದೇ ಪ್ರಶ್ನೆ ಕಳಿಸಿದೆ. ಇಲ್ಲ ಎಂದ. ಬೇರೆ ಗುಂಪು ಕೇಳಿದೆ. ಇಲ್ಲ. ಯಾವುದನ್ನು ಕೇಳಿದರೂ ಇಲ್ಲ.

"ಚಿಕ್ಕಪ್ಪನಿಗೆ ದಾಸ್ತಾನಿನ ಮಾಹಿತಿ ಜೋಡಿಸಿದೀಯಾ?" ಎಂದು ಪಂಡಿತನನ್ನು ಕೇಳಿದೆ.

ಅವನು ತನ್ನ ಪರದೆಯಿಂದ ತಲೆಯೆತ್ತಿದ. "ಅದೂ ನಿಮ್ಮ ಸೆಟ್ಟಿಂಗಲ್ಲೇ ಬರುತ್ತೆ ಅಂದ್ಕೊಂಡೆ."

ನಾನು ಅವನು ಮಾಡಿರುತ್ತಾನೆ ಎಂದುಕೊಂಡಿದ್ದೆ. ಉತ್ತರ ಬಂತೇ ಎಂದು ನೋಡಿದ್ದೆನೇ ಹೊರತು ಏನು ಉತ್ತರ ಎಂದು ನೋಡಿರಲಿಲ್ಲ. ಚಿಕ್ಕಪ್ಪನ ಉಗ್ರಾಣವೇ ಖಾಲಿ. ಖಾಲಿ ಉಗ್ರಾಣದಲ್ಲಿ ಹುಡುಕುವುದೇನಿದೆ, ತಟ್ಟನೆ ಇಲ್ಲ ಎನ್ನುತ್ತಿದ್ದ. ತಟ್ಟನೆ ಹೇಳಿ ಬಿಡುವಾಗುತ್ತಿದ್ದುದರಿಂದ ಮುಂದಿನ ಪ್ರಶ್ನೆಯೂ ಅವನಿಗೇ ಹೋಗುತ್ತಿತ್ತು. ನಿಜ ಗೊತ್ತಿದ್ದ ದೊಡ್ಡಪ್ಪನನ್ನು ನಾನೇ ಮೂಲೆಗೆ ಕೂರಿಸಿದ್ದೆ. ಚಿಕ್ಕಪ್ಪನನ್ನು ಹಂಚಿಕೆಯಿಂದ ತೆಗೆದೆ.

"ಇನ್ನೊಂದ್ಸಲ ಕೇಳೋಕೆ ಹೇಳು. ಈಗಲೇ. ಓಡು," ಎಂದೆ ತಂಗಿಯ ಗಂಡನಿಗೆ.

ಫೋನಿನಲ್ಲಿ ಅವನ ಹೆಜ್ಜೆಯ ಸದ್ದು, ಯಾರೋ ಕೀ ಒತ್ತಿದ ಸದ್ದು. ದೊಡ್ಡಪ್ಪ ಎಂದಿನಂತೆ ನಿಧಾನವಾಗಿ ಹುಡುಕಿದ.

"ಅಕ್ಕಾ, ಇಲ್ಲೇ ಇದೆಯಂತೆ," ಎಂದ ಅವನು. "ಇದೇ ಆಸ್ಪತ್ರೆ ಕೆಳಗಡೆ ಮಹಡಿ ರಕ್ತನಿಧೀಲಿ."

ಸಂಜೆಗೆ ರಕ್ತ ನಿಂತಿತು, ತಂಗಿ ಕಣ್ಣು ಬಿಟ್ಟಳು ಎಂದು ತಿಳಿಸಿದ. ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟೆ. ಸಾಹೇಬರು ನೀರು ತಂದುಕೊಟ್ಟರು. ಪಂಡಿತ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಮೇಡಂ," ಎಂದ ಮೆಲ್ಲಗೆ. "ಬೆಳಿಗ್ಗೆಯಿಂದ ಇಲ್ಲ ಅಂದಿರೋದು ನಿಮ್ಮ ತಂಗಿಗೆ ಮಾತ್ರ ಅಲ್ವಲ್ಲ."

ನಾನು ಅತ್ತಿದ್ದು ನನ್ನ ತಂಗಿ ಉಳಿದಳೆಂದು. ಉಳಿದವರ ನೆನಪೇ ಬಂದಿರಲಿಲ್ಲ. ಚಿಕ್ಕಪ್ಪನ ದಾಖಲೆ ತೆರೆದು, ಫೋನ್ ಎಳೆದುಕೊಂಡು, ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಇಲ್ಲ ಎಂದಿದ್ದ ಆಸ್ಪತ್ರೆಗೆ ಕರೆ ಮಾಡಿದೆ. ಅಪಘಾತ ವಾರ್ಡಿನ ನರ್ಸ್ ಎತ್ತಿಕೊಂಡಳು.

"ಬೆಳಿಗ್ಗೆ ನೀವು ಕೇಳಿದ ರಕ್ತ ಇದೆ ಸಿಸ್ಟರ್. ತಪ್ಪು ನಮ್ಮದು. ಈಗಲೇ ಕಳಿಸ್ತೀವಿ."

"ಈಗ ಬೇಡ ಮೇಡಂ."

"ಬೇರೆ ಕಡೆ ಸಿಕ್ತಾ?"

"ಇಲ್ಲ," ಎಂದಳು. "ಹುಡುಗಿ ಆಗಲೇ ಹೋಗ್ಬಿಟ್ಳು. ಅವಳ ಅಕ್ಕ ಇಲ್ಲೇ ಕೂತಿದಾರೆ. ರಕ್ತ ಇತ್ತು ಅಂತ ನಾನು ಹೇಗೆ ಹೇಳ್ಲಿ, ನೀವೇ ಹೇಳಿ."

ಫೋನ್ ಕೈ ಬದಲಾಯಿಸಿದ ಸದ್ದು ಕೇಳಿಸಿತು.

"ಹಲೋ," ಎಂದಳು ಆ ಅಕ್ಕ. "ಯಾರು?"